ಹದಿನಾರಾಣೆ ಲೆಕ್ಕದ ಒಳಗುಟ್ಟು

ಗೋಕಾಕದ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡಿ ಈಗ ಮನೆಯಲ್ಲೇ ಇರುವ ಹಿರಿಯರೊಬ್ಬರ ಬಳಿ ಅವರ ತಂದೆಯ ಕಾಲದ ಖಾತೆ ಪುಸ್ತಕವಿದೆ. ಕೆಂಪು ಬಟ್ಟೆಯ ರಟ್ಟು. ಒಳಗೆ ಮೂರು ಸಾಲು ಅಂಕಿ: ರೂಪಾಯಿ, ಆಣೆ, ಪೈ. ಹಮಾಲರ ಪಗಾರದ ಪುಟದಲ್ಲಿ ಒಂದು ಕಡೆ 3-12-0 ಎಂದು ಬರೆದಿದೆ. ಅಂದರೆ ಮೂರು ರೂಪಾಯಿ ಹನ್ನೆರಡು ಆಣೆ.

‘ತಮ್ಮಾ, ಈ ರಖಮು ಹದಿನೈದ ಮಂದಿಗೆ ಸಮ ಹಂಚಬೇಕಂದ್ರ ಒಬ್ಬೊಬ್ಬರಿಗೆ ಎಷ್ಟ ಬರ್ತೈತಿ ಹೇಳು ನೋಡೂಣು’ ಎಂದರು ಅಜ್ಜ.

ಈ ಲೇಖಕ ಮೊಬೈಲ್ ತೆಗೆದು, ಮೂರನ್ನು ಹದಿನಾರರಿಂದ ಗುಣಿಸಿ, ಹನ್ನೆರಡು ಕೂಡಿಸಿ, ಹದಿನೈದರಿಂದ ಭಾಗಿಸುವಷ್ಟರಲ್ಲಿ ಅಜ್ಜ ನಗುತ್ತಿದ್ದರು. ‘ಅದಕ್ಯಾಕ ಮಷೀನು? ರೂಪಾಯಿ, ಆಣೆ ಎರಡೂ ಕೂಡಿಸು. ಮೂರು, ಹನ್ನೆರಡು, ಹದಿನೈದ ಆತಿಲ್ಲೋ? ಹಂಗಾರ ಸಮ ಬೀಳ್ತೈತಿ. ತಲಾ ನಾಲ್ಕಾಣೆ.’

ಉತ್ತರ ಸರಿಯಾಗಿತ್ತು. ಮತ್ತೆ ಎಂಟು ರೂಪಾಯಿ ಏಳಾಣೆ ಎಂದೆ. ಎಂಟು, ಏಳು, ಹದಿನೈದು, ತಲಾ ಒಂಬತ್ತಾಣೆ. ಅದೂ ಸರಿ. ಒಂಬತ್ತು ರೂಪಾಯಿ ಎಂಟಾಣೆ ಎಂದಾಗ, ‘ತಲಾ ಹತ್ತಾಣೆ, ಎರಡಾಣೆ ಉಳೀತು’ ಎಂಬ ಉತ್ತರ ಕ್ಷಣದಲ್ಲೇ ಬಂತು.

ಇದು ಮಾಟವಲ್ಲ, ಬಾಯಿಪಾಠವೂ ಅಲ್ಲ. ಒಂದು ಸಂಖ್ಯೆಯನ್ನು ಹತ್ತರ ಬದಲು ಹದಿನಾರರ ಕಟ್ಟಿನಲ್ಲಿ ಬರೆದಾಗ ಅದು ತೋರುವ ಗುಣ ಇದು. 1957ರ ನಂತರ ಹುಟ್ಟಿದ ನಮಗೆ ಕಾಣದೆ ಹೋದ ಗುಣವೂ ಹೌದು.

ಕಟ್ಟು ಕಟ್ಟುವ ಬಗೆ

ನಾವು 375 ಎಂದು ಬರೆದಾಗ ಮೂರು ನೂರು, ಏಳು ಹತ್ತು, ಐದು ಬಿಡಿ ಎಂದು ಅರ್ಥ. ಹತ್ತು ಬಿಡಿ ಸೇರಿದರೆ ಒಂದು ಕಟ್ಟು. ಹತ್ತು ಕಟ್ಟು ಸೇರಿದರೆ ಒಂದು ದೊಡ್ಡ ಕಟ್ಟು. ಸ್ಥಾನ ಬದಲಾದಂತೆ ಅಂಕಿಯ ಬೆಲೆ ಹತ್ತು ಪಟ್ಟು ಏರುತ್ತದೆ. ಹತ್ತೇ ಏಕೆ? ಕೈಗಳಲ್ಲಿ ಹತ್ತು ಬೆರಳುಗಳಿವೆ ಎಂಬುದು ಬಿಟ್ಟರೆ ಗಣಿತದಲ್ಲಿ ಇದಕ್ಕೆ ಬೇರೆ ಕಾರಣವಿಲ್ಲ. ನಮ್ಮ ಹಿರಿಯರು ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಮುಟ್ಟಿ ಎಣಿಸುತ್ತಿದ್ದರು. ಹಾಗೆ ಎಣಿಸಿದರೆ ಒಂದೇ ಕೈಯಲ್ಲಿ ಹನ್ನೆರಡು ಸಿಗುತ್ತದೆ.

ರೂಪಾಯಿ ಲೆಕ್ಕದಲ್ಲಿ ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಕಟ್ಟು ಎರಡು ಬಗೆಯದು. ಹೀಗೆ ರೂಪಾಯಿಗೆ 192 ಪೈ. ಈ ಹದಿನಾರು ಬ್ರಿಟಿಷರು ತಂದದ್ದಲ್ಲ. ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣಗಳ ಜೊತೆಗೆ ಬರುವ ಹಾಗ ಎಂದರೆ ಪಣದ ನಾಲ್ಕನೇ ಒಂದು ಪಾಲು, ವೀಸ ಎಂದರೆ ಹದಿನಾರನೇ ಒಂದು ಪಾಲು. ಅರ್ಧ ಮಾಡಿ, ಅದರ ಅರ್ಧ ಮಾಡಿ, ಮತ್ತೆ ಮತ್ತೆ ಅರ್ಧ ಮಾಡಿದರೆ ಹದಿನಾರು ಪಾಲು. ರೊಟ್ಟಿ ಮುರಿಯುವವನಿಗೂ ಹೊಲ ಹಿಸ್ಸೆ ಮಾಡುವವನಿಗೂ ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ಮಾತು ಪೂರ್ಣ ನಿಜ ಎನ್ನಲು ‘ಹದಿನಾರಾಣೆ ಸತ್ಯ’ ಎಂದು ನಾವು ಇಂದಿಗೂ ಹೇಳುವುದು ಸುಮ್ಮನೆ ಅಲ್ಲ.

ಹದಿನೈದರ ಗುಟ್ಟು

ಈಗ ಅಜ್ಜನ ಲೆಕ್ಕಕ್ಕೆ ಬರೋಣ. ಹದಿನೈದು ಮಂದಿ ಕುಳಿತಿದ್ದಾರೆ ಎಂದುಕೊಳ್ಳಿ. ಒಂದು ರೂಪಾಯಿ ಎಂದರೆ ಹದಿನಾರು ಆಣೆ. ತಲಾ ಒಂದಾಣೆ ಕೊಟ್ಟರೆ ಒಂದಾಣೆ ಉಳಿಯಿತು. ಎರಡನೆಯ ರೂಪಾಯಿಯಲ್ಲೂ ಹಾಗೆಯೇ ಒಂದಾಣೆ ಉಳಿಯಿತು. ಒಂಬತ್ತು ರೂಪಾಯಿ ಹಂಚಿದರೆ ಪ್ರತಿಯೊಬ್ಬರ ಕೈಗೆ ಒಂಬತ್ತಾಣೆ ಬಂದು, ನಮ್ಮ ಕೈಯಲ್ಲಿ ಒಂಬತ್ತಾಣೆ ಉಳಿಯುತ್ತದೆ. ಅದಕ್ಕೆ ಮೊದಲೇ ಇದ್ದ ಎಂಟಾಣೆ ಸೇರಿಸಿ. ಹದಿನೇಳು. ಮತ್ತೊಂದು ಸುತ್ತು ಹಂಚಿದರೆ ತಲಾ ಹತ್ತಾಣೆ ಆಗಿ ಎರಡಾಣೆ ಉಳಿಯಿತು. ಗುಟ್ಟು ಇಷ್ಟೇ. ಹದಿನಾರನ್ನು ಹದಿನೈದರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆದ್ದರಿಂದ ರೂಪಾಯಿಯ ಅಂಕಿಯನ್ನು ಆಣೆಯಂತೆಯೇ ಎಣಿಸಿ ಕೂಡಿಸಬಹುದು.

ಶಾಲೆಯಲ್ಲಿ ನಾವು ಕಲಿತ ಒಂಬತ್ತರ ನಿಯಮ ಇದರ ಸೋದರ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿಸಿದಾಗ ಬರುವ ಮೊತ್ತ ಒಂಬತ್ತರಿಂದ ಭಾಗವಾದರೆ ಆ ಸಂಖ್ಯೆಯೂ ಒಂಬತ್ತರಿಂದ ಭಾಗವಾಗುತ್ತದೆ. ಒಂಬತ್ತಕ್ಕೆ ಈ ವಿಶೇಷ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಕಟ್ಟು ಹತ್ತರದಾದ್ದರಿಂದ, ಹತ್ತಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಗೆ ದೊರೆತ ಪದವಿ ಅದು. ಕಟ್ಟು ಹದಿನಾರರದಾದರೆ ಆ ಪದವಿ ಹದಿನೈದಕ್ಕೆ ಹೋಗುತ್ತದೆ. ಹದಿನೈದರ ಭಾಜಕಗಳಾದ ಮೂರು ಮತ್ತು ಐದಕ್ಕೂ ಅದರಲ್ಲಿ ಪಾಲುಂಟು. ಏಳು ರೂಪಾಯಿ ಎರಡಾಣೆಯನ್ನು ಮೂವರಿಗೆ ಹಂಚಬೇಕೆ? ಏಳು, ಎರಡು, ಒಂಬತ್ತು; ಒಂಬತ್ತು ಮೂರರಿಂದ ಭಾಗವಾಗುತ್ತದೆ. ತಲಾ ಎರಡು ರೂಪಾಯಿ ಆರಾಣೆ.

ಹತ್ತಕ್ಕಿಂತ ಒಂದು ಹೆಚ್ಚಿರುವ ಹನ್ನೊಂದಕ್ಕೆ ಇನ್ನೊಂದು ನಿಯಮವಿದೆ. ಅಲ್ಲಿ ಅಂಕಿಗಳನ್ನು ಒಂದಾದ ಮೇಲೊಂದು ಕೂಡಿಸಿ ಕಳೆಯಬೇಕು. 55, 66 ಮುಂತಾದವು ಹನ್ನೊಂದರಿಂದ ಭಾಗವಾಗುವುದು ಇದರಿಂದಲೇ. ಆಣೆಯ ಲೆಕ್ಕದಲ್ಲಿ ಆ ಸ್ಥಾನ ಹದಿನೇಳಕ್ಕೆ. ಆರು ರೂಪಾಯಿ ಆರಾಣೆಯನ್ನು ಹದಿನೇಳು ಮಂದಿಗೆ ಸಮವಾಗಿ ತಲಾ ಆರಾಣೆಯಂತೆ ಹಂಚಬಹುದು. ರೂಪಾಯಿ, ಆಣೆಗಳ ಅಂಕಿ ಒಂದೇ ಆಗಿದ್ದರೆ ಸಾಕು.

ರಾಜನ ಕೊರಳ ಹಾರ

ಸಂಖ್ಯೆಗಳ ಇಂಥ ಚೆಲುವನ್ನು ಕಂಡು ಆನಂದಿಸಿದವರು ನಮ್ಮಲ್ಲಿ ಹಿಂದೆಯೇ ಇದ್ದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಹೊರಜಗತ್ತಿಗೆ ಅದರ ಪರಿಚಯವಾಯಿತು. ಗುಣಾಕಾರದ ಪಾಠದಲ್ಲಿ ಮಹಾವೀರ ಕೆಲವು ವಿಚಿತ್ರ ಲೆಕ್ಕಗಳನ್ನು ಕೊಡುತ್ತಾನೆ. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಉತ್ತರಗಳನ್ನು ಆತ ರಾಜರ ಕೊರಳ ಆಭರಣಕ್ಕೆ ಹೋಲಿಸುತ್ತಾನೆ.

ಈ ಪರಂಪರೆ ಕನ್ನಡಕ್ಕೆ ಇಳಿದದ್ದು ನಮ್ಮ ಸೀಮೆಯಲ್ಲೇ ಎಂಬುದು ಹೆಮ್ಮೆಯ ಸಂಗತಿ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಮುಂತಾದ ಕೃತಿಗಳನ್ನು ಕನ್ನಡದಲ್ಲಿ ಬರೆದ. ಕನ್ನಡದ ಮೊದಲ ಗಣಿತ ಕವಿ ಎಂದು ಸಾಹಿತ್ಯ ಚರಿತ್ರೆಗಳು ಹೆಸರಿಸುವುದು ಇವನನ್ನೇ. ಇವನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮೂಡಲಗಿ, ಹುಕ್ಕೇರಿಗಳಿಂದ ರಾಯಬಾಗ ಎಷ್ಟು ದೂರ? ಸವದತ್ತಿಯ ರಟ್ಟರು ಆಳಿದ ಕೂಂಡಿ ಮೂರು ಸಾಸಿರ ನಾಡಿಗೆ ಸೇರಿದ ನೆಲವಿದು. ವ್ಯಾಪಾರದ ಲೆಕ್ಕವನ್ನು ತಾಯ್ನುಡಿಯಲ್ಲಿ ಹೇಳಬೇಕು ಎಂದು ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬನಿಗೆ ಅನಿಸಿತ್ತು.

ಯಾವುದು ಮೈ, ಯಾವುದು ಉಡುಪು?

ಮಹಾವೀರನ ಹಾರಗಳನ್ನು ಹಿಡಿದು ಒಂದು ಪ್ರಶ್ನೆ ಕೇಳಬಹುದು. ಈ ಚೆಲುವು ಸಂಖ್ಯೆಯದೋ, ಅದನ್ನು ಬರೆದ ರೀತಿಯದೋ?

12345679 ಮತ್ತು 9ರ ಲೆಕ್ಕ ಹತ್ತರ ಕಟ್ಟಿಗೆ ಅಂಟಿಕೊಂಡದ್ದು. ಅದೇ ಎರಡು ಸಂಖ್ಯೆಗಳನ್ನು ಹದಿನಾರರ ಕಟ್ಟಿನಲ್ಲಿ ಬರೆದು ಗುಣಿಸಿದರೆ ಒಂದರ ಸಾಲು ಕಾಣುವುದಿಲ್ಲ. ಆದರೆ 12345654321ರ ಕತೆ ಬೇರೆ. ಇದು 111111ರ ವರ್ಗ. (441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, 5291ನ್ನು 21ರಿಂದ ಗುಣಿಸಿದರೆ 111111.) ಆರು ಒಂದುಗಳನ್ನು ಅವುಗಳಿಂದಲೇ ಗುಣಿಸುವಾಗ ಯಾವ ಸ್ಥಾನದಲ್ಲೂ ಆರಕ್ಕಿಂತ ಹೆಚ್ಚು ಬರುವುದಿಲ್ಲ, ದಶಕ ಒಯ್ಯುವ ಪ್ರಸಂಗವೇ ಇಲ್ಲ. ಆದ್ದರಿಂದ ಕಟ್ಟು ಏಳರದಾಗಲಿ, ಹನ್ನೆರಡರದಾಗಲಿ, ಹದಿನಾರರದಾಗಲಿ, ಹಾರ ಹಾಗೆಯೇ ಇರುತ್ತದೆ.

ಸಣ್ಣ ಉದಾಹರಣೆ 121. ಹತ್ತರ ಕಟ್ಟಿನಲ್ಲಿ ಇದು 11ರ ವರ್ಗ. ಆಣೆಯ ಕಟ್ಟಿನಲ್ಲಿ ನೋಡಿ. ಒಂದು ರೂಪಾಯಿ ಒಂದಾಣೆ ಎಂದರೆ ಹದಿನೇಳಾಣೆ. ಹದಿನೇಳು ಮಂದಿಗೆ ತಲಾ ಹದಿನೇಳಾಣೆ ಕೊಟ್ಟರೆ ಒಟ್ಟು 289 ಆಣೆ, ಅಂದರೆ ಹದಿನೆಂಟು ರೂಪಾಯಿ ಒಂದಾಣೆ. ಹದಿನಾರು ರೂಪಾಯಿಯ ಒಂದು ಕಟ್ಟು ಮಾಡಿದರೆ ಒಂದು ಕಟ್ಟು, ಎರಡು ರೂಪಾಯಿ, ಒಂದಾಣೆ. ಮತ್ತೆ 1-2-1. ಡಜನ್ ಲೆಕ್ಕದಲ್ಲಿ ಹದಿಮೂರರ ವರ್ಗ 169: ಹನ್ನೆರಡು ಡಜನಿನ ಒಂದು ಗ್ರೋಸು, ಎರಡು ಡಜನು, ಒಂದು ಬಿಡಿ. ಅಲ್ಲೂ 1-2-1! ಎರಡು ಎಂಬ ಅಂಕಿಯೇ ಇಲ್ಲದ ಎರಡರ ಕಟ್ಟನ್ನು ಬಿಟ್ಟರೆ ಉಳಿದ ಯಾವ ಕಟ್ಟಿನಲ್ಲೂ 121 ಎಂದು ಬರೆದ ಸಂಖ್ಯೆ ಪೂರ್ಣ ವರ್ಗವೇ.

ಹೀಗೆ ಕೆಲವು ಗುಣಗಳು ಉಡುಪಿನವು, ಬರೆಯುವ ಕ್ರಮ ಬದಲಾದರೆ ಮಾಯವಾಗುತ್ತವೆ. ಕೆಲವು ಮೈಯ ಗುಣಗಳು. ಹದಿನೇಳು ಅವಿಭಾಜ್ಯ ಸಂಖ್ಯೆ ಎಂಬುದು ಯಾವ ಉಡುಪಿನಲ್ಲೂ ನಿಜ. ಇನ್ನು ಕೆಲವು, 121ರಂತೆ, ಎಲ್ಲ ಉಡುಪಿಗೂ ಒಪ್ಪುವ ನೇಯ್ಗೆಯ ಗುಣಗಳು.

ತಕ್ಕಡಿಯ ಗಣಿತ

ಸಂತೆಯ ತಕ್ಕಡಿ ಇನ್ನೊಂದು ಪಾಠ ಕಲಿಸುತ್ತದೆ. ಸೇರಿನ ಹದಿನಾರನೇ ಪಾಲು ಛಟಾಕು, ಎಂಟನೇ ಪಾಲು ನವಟಾಕು, ಕಾಲು ಪಾಲು ಪಾವಶೇರು, ಅರ್ಧ ಅಚ್ಛೇರು. ಇವು ಛಟಾಕಿನ ಲೆಕ್ಕದಲ್ಲಿ 1, 2, 4, 8. ಪ್ರತಿಯೊಂದರಲ್ಲಿ ಒಂದೊಂದೇ ಕಲ್ಲು ಇದ್ದರೂ ಒಂದು ಛಟಾಕಿನಿಂದ ಹದಿನೈದು ಛಟಾಕಿನವರೆಗೆ ಯಾವ ತೂಕವನ್ನಾದರೂ ತೂಗಬಹುದು. ಹನ್ನೊಂದು ಛಟಾಕು ಬೆಲ್ಲ ಬೇಕೆ? ಅಚ್ಛೇರು, ನವಟಾಕು, ಛಟಾಕು ಇಡಿ, ಪಾವಶೇರು ಬಿಡಿ. ಇಟ್ಟದ್ದಕ್ಕೆ 1, ಬಿಟ್ಟದ್ದಕ್ಕೆ 0 ಎಂದು ಬರೆದರೆ 1011. ಗಣಕಯಂತ್ರ ತನ್ನ ಹೊಟ್ಟೆಯೊಳಗೆ ಹನ್ನೊಂದನ್ನು ಬರೆದುಕೊಳ್ಳುವುದು ಹೀಗೆಯೇ. ಯಾವ ತೂಕಕ್ಕೂ ಒಂದೇ ಜೋಡಣೆ, ಎರಡನೆಯದಿಲ್ಲ ಎಂಬುದು ಇದರ ವಿಶೇಷ.

ಕಲ್ಲುಗಳನ್ನು ಎರಡೂ ತಟ್ಟೆಯಲ್ಲಿ ಇಡಬಹುದಾದರೆ ಮೂರರ ಕಟ್ಟು ಇನ್ನೂ ಅಗ್ಗ. 1, 3, 9, 27 ಸೇರಿನ ನಾಲ್ಕೇ ಕಲ್ಲುಗಳಿಂದ ಒಂದರಿಂದ ನಲವತ್ತು ಸೇರಿನವರೆಗೆ ತೂಗಬಹುದು. ಐದು ಸೇರು ತೂಗಲು ಒಂದು ತಟ್ಟೆಯಲ್ಲಿ ಒಂಬತ್ತು; ಸರಕಿನ ಕಡೆ ಮೂರು ಮತ್ತು ಒಂದು. ನಲವತ್ತು ಸೇರು ಎಂದರೆ ಸರಿಯಾಗಿ ಒಂದು ಮಣ ಎಂಬುದು ಸೊಗಸಾದ ಆಕಸ್ಮಿಕ. ಮೂರರ ಇದೇ ಸಾಲು ಮಹಾವೀರನಲ್ಲೂ ಬೇರೆ ರೂಪದಲ್ಲಿ ಬರುತ್ತದೆ. ಒಂದನ್ನು ಭಿನ್ನರಾಶಿಗಳ ಮೊತ್ತವಾಗಿ ಒಡೆಯಲು 1, 3, 9, 27 ಎಂದು ಬರೆದು, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೇ ಎರಡರಿಂದಲೂ ಗುಣಿಸು ಎನ್ನುತ್ತಾನೆ. 2, 3, 9, 18 ಬರುತ್ತದೆ. ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು, ಹದಿನೆಂಟನೇ ಒಂದು ಕೂಡಿಸಿ ನೋಡಿ, ಸರಿಯಾಗಿ ಒಂದು.

ಗೋಕಾಕ ಜಲಪಾತದ ಬಳಿ 1887ರಲ್ಲಿ ಆರಂಭವಾದ ಹತ್ತಿ ಗಿರಣಿಯ ಊರಿನಲ್ಲಿ ನೂಲಿನ ನಂಬರಿನ ಲೆಕ್ಕ ಗೊತ್ತಿಲ್ಲದವರು ಕಡಿಮೆ. 120 ಗಜಕ್ಕೆ ಒಂದು ಲೀ, ಏಳು ಲೀಗೆ ಒಂದು ಲಡಿ, ಅಂದರೆ 840 ಗಜ. ಒಂದು ಪೌಂಡಿಗೆ ಎಷ್ಟು ಲಡಿ ತೂಗುತ್ತವೆಯೋ ಅದೇ ನೂಲಿನ ನಂಬರು. ಈ ಏಳು ಎಲ್ಲಿಂದ ಒದಗಿತು ಎಂದು ಬೇಸರಿಸುವವರು ಪೌಂಡಿಗೆ 7000 ಗ್ರೇನು ಎಂಬುದನ್ನು ನೆನೆಯಬೇಕು. ಏಳಕ್ಕೆ ಏಳು ಹೊಡೆದುಹೋಗಿ ಸಾವಿರ ಉಳಿಯುತ್ತದೆ. ಒಂದೇ ಲೀ ನೂಲನ್ನು ತೂಗಿ, ಬಂದ ಗ್ರೇನುಗಳಿಂದ ಸಾವಿರವನ್ನು ಭಾಗಿಸಿದರೆ ನಂಬರು ಸಿಕ್ಕಿತು. 25 ಗ್ರೇನು ತೂಗಿದರೆ 40 ನಂಬರಿನ ನೂಲು. ವಿಚಿತ್ರವೆಂದು ಕಾಣುವ ಕಟ್ಟಿನ ಹಿಂದೆ ಹೀಗೆ ಕೆಲಸಗಾರನ ಅನುಕೂಲ ಅಡಗಿರುತ್ತದೆ.

1957ರ ಆ ದಿನ

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಐದೇ ತಿಂಗಳಲ್ಲಿ, 1957ರ ಏಪ್ರಿಲ್ 1ರಂದು, ರೂಪಾಯಿಗೆ ನೂರು ನಯಾ ಪೈಸೆ ಎಂಬ ಹೊಸ ಲೆಕ್ಕವೂ ಬಂತು. ನಾಲ್ಕಾಣೆಗೆ 25, ಎಂಟಾಣೆಗೆ 50, ಹನ್ನೆರಡಾಣೆಗೆ 75 ಸರಿಹೊಂದಿದವು. ಆದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡುವುದು, ಹೆಚ್ಚಿದ್ದರೆ ಮುಂದಿನ ಪೈಸೆಗೆ ಏರಿಸುವುದು ಎಂಬ ನಿಯಮ ಮಾಡಲಾಯಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂಬ ಕೋಷ್ಟಕ ಅಂಗಡಿ ಅಂಗಡಿಗೂ ಬಂತು.

ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸಂತೆಯಲ್ಲಿ ಲೆಕ್ಕ ಬೇರೆ. ದಿನಕ್ಕೆ ಒಂದಾಣೆಯ ಸಾಮಾನು ಕೊಳ್ಳುವವನಿಗೆ ಹದಿನಾರು ದಿನಕ್ಕೆ ಒಂದು ರೂಪಾಯಿಯ ಬದಲು 96 ಪೈಸೆ ಆಯಿತು. ನಾಲ್ಕು ಪೈಸೆ ಲಾಭ. ಆದರೆ ಕಾಲಾಣೆ, ಅಂದರೆ ಹಳೆಯ ಒಂದು ಪೈಸೆಯ ಸಾಮಾನು ಕೊಳ್ಳುತ್ತಿದ್ದವಳ ಗತಿ ಏನು? ಆ ಪೈಸೆ ಹೊಸ ಲೆಕ್ಕದಲ್ಲಿ ಒಂದೂವರೆಗಿಂತ ತುಸು ಹೆಚ್ಚು. ನಿಯಮದ ಪ್ರಕಾರ ಅದು 2 ಆಯಿತು. ಮೊದಲು 64 ದಿನಕ್ಕೆ ಒಂದು ರೂಪಾಯಿ ಖರ್ಚಾಗುತ್ತಿದ್ದಲ್ಲಿ ಈಗ ಒಂದು ರೂಪಾಯಿ 28 ಪೈಸೆ. ಅತಿ ಸಣ್ಣ ನಾಣ್ಯದಲ್ಲಿ ಬದುಕುವವರು ಅತಿ ಬಡವರು. ಸಂಖ್ಯೆಯ ಕಟ್ಟು ಬದಲಿಸಿದಾಗ ಅಂಚಿನಲ್ಲಿ ಉದುರುವ ಚೂರುಗಳು ಯಾರ ಕಡೆಯಿಂದ ಉದುರುತ್ತವೆ ಎಂಬುದು ಬರೀ ಗಣಿತದ ಪ್ರಶ್ನೆಯಲ್ಲ.

ಭಾಗಿಸುವ ಸೌಕರ್ಯವೂ ಕಡಿಮೆಯಾಯಿತು. 192ಕ್ಕೆ ಹದಿನಾಲ್ಕು ಭಾಜಕಗಳಿವೆ, ನೂರಕ್ಕೆ ಒಂಬತ್ತೇ. ಹಳೆಯ ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರು ತಲಾ ಐದಾಣೆ ನಾಲ್ಕು ಪೈಯಂತೆ ಜಗಳವಿಲ್ಲದೆ ಹಂಚಿಕೊಳ್ಳಬಹುದಿತ್ತು. ಹೊಸ ರೂಪಾಯಿಯಲ್ಲಿ ತಲಾ 33 ಪೈಸೆ ಬಂದು ಒಂದು ಪೈಸೆ ಎಲ್ಲರನ್ನೂ ನೋಡುತ್ತ ಕುಳಿತುಬಿಡುತ್ತದೆ.

ಹಾಗೆಂದು ಹಳೆಯದೇ ಚೆನ್ನಾಗಿತ್ತು ಎಂದು ಹಾಡುವುದು ಸರಿಯಲ್ಲ. ಮೂರು ಸಾಲಿನಲ್ಲಿ ಕೂಡಿಸುತ್ತ, ಒಂದು ಕಡೆ ಹನ್ನೆರಡಕ್ಕೆ, ಇನ್ನೊಂದು ಕಡೆ ಹದಿನಾರಕ್ಕೆ, ಮತ್ತೊಂದು ಕಡೆ ಹತ್ತಕ್ಕೆ ಒಯ್ಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಪಾವಕಿ, ನಿಮಕಿ, ಸವಾಯಕಿ, ದೀಡಕಿ ಎಂಬ ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿಗಳನ್ನು ಗಾಂವಠಿ ಶಾಲೆಯಲ್ಲಿ ಬಾಯಿಪಾಠ ಮಾಡಿದವನಿಗೆ ಮಾತ್ರ ಬಡ್ಡಿಯ ಲೆಕ್ಕ ಒಲಿಯುತ್ತಿತ್ತು. ಒಲಿಯದವನು ಸಾಹುಕಾರ ಹೇಳಿದ್ದನ್ನು ನಂಬಬೇಕಿತ್ತು. ಹೆಬ್ಬೆಟ್ಟು ಒತ್ತುವ ರೈತನ ಕೈಗೂ ನಿಲುಕುವ ಲೆಕ್ಕ ಬಂದದ್ದು ದಶಮಾನದಿಂದ. ಅದು ಸಣ್ಣ ಲಾಭವಲ್ಲ.

ಮರಳಿ ಬಂದ ಹದಿನಾರು

1964ರಲ್ಲಿ ‘ನಯಾ’ ಹೋಗಿ ಬರೀ ಪೈಸೆ ಉಳಿಯಿತು. 2011ರ ಜೂನ್ ಕೊನೆಗೆ 25 ಪೈಸೆಯ ನಾಣ್ಯದ ಚಲಾವಣೆಯೂ ನಿಂತಿತು. ಆಣೆ ಈಗ ಮಾತಿನಲ್ಲಷ್ಟೇ ಇದೆ. ಆದರೆ ಹದಿನಾರು ಸೋತಿಲ್ಲ. ಹೌದು ಮತ್ತು ಅಲ್ಲ ಎಂಬ ಎರಡೇ ಸ್ಥಿತಿಯ ನಾಲ್ಕು ಗುಂಡಿಗಳನ್ನು ಹದಿನಾರು ರೀತಿಯಲ್ಲಿ ಜೋಡಿಸಬಹುದಾದ್ದರಿಂದ ಗಣಕಯಂತ್ರದ ತಜ್ಞರು ಹದಿನಾರರ ಕಟ್ಟಿನಲ್ಲೇ ಬರೆಯುತ್ತಾರೆ. ಹತ್ತರಿಂದ ಹದಿನೈದರವರೆಗಿನ ಅಂಕಿಗಳಿಗೆ ಅವರು ಇಂಗ್ಲಿಷಿನ ಮೊದಲ ಆರು ಅಕ್ಷರಗಳನ್ನು ಬಳಸುತ್ತಾರೆ. ಮೊಬೈಲ್ ಅಂಗಡಿಯಲ್ಲಿ 8, 16, 32, 64, 128 ಎಂದು ಸ್ಮರಣಶಕ್ತಿಯ ಅಳತೆ ಕೇಳಿದಾಗ, ಛಟಾಕು, ನವಟಾಕುಗಳ ಮನೆತನವೇ ಮತ್ತೆ ಬಾಗಿಲಿಗೆ ಬಂದಂತಾಗುತ್ತದೆ.

ಇದನ್ನು ಹೇಳಿದಾಗ ಅಜ್ಜ ಖಾತೆ ಪುಸ್ತಕ ಮುಚ್ಚಿ ದಾರ ಕಟ್ಟುತ್ತಿದ್ದರು. ಹುಕ್ಕೇರಿಯ ಶಾಲೆಯಲ್ಲಿ ಮಗ್ಗಿ ಕಲಿತು, ಮೂಡಲಗಿ ಸಂತೆಯಲ್ಲಿ ತಂದೆಯ ಪಕ್ಕ ಕುಳಿತು ಲೆಕ್ಕ ಬರೆದವರು ಅವರು. ಏಪ್ರಿಲ್ ಒಂದರ ಆ ದಿನ ಅಂಗಡಿಯಲ್ಲಿ ಏನಾಯಿತು ಎಂದು ಕೇಳಿದೆ.

‘ಏನ್ ಆಗತೈತಿ ತಮ್ಮಾ? ಒಬ್ಬಾಕಿ ಮುದುಕಿ ಒಂದ ಪೈಸಾದ ಬೆಲ್ಲ ಒಯ್ಯಾಕ ಬಂದಿದ್ಳು. ಎರಡ ನಯಾ ಪೈಸಾ ಅಂದೆ. ಬೆಲ್ಲ ಎರಡ ಪಟ್ಟ ಕೊಡ್ತಿ ಏನು ಅಂತ ಕೇಳಿದ್ಳು. ಲೆಕ್ಕ ನನಗ ಬರ್ತಿತ್ತು, ಉತ್ತರ ಬರಲಿಲ್ಲ.’